ಗೃಹವಿಚಾರ: ಗಡ್ಡದ ಓತಿಯ ಬಿಸಿಲು



ಈ ತಿಂಗಳು ಓತಿಕೇತವೊಂದರ ಪಾಲನೆಯನ್ನು ಕುರಿತು ಹೇಳಹೊರಟಿರುವೆನು. ನಗಬಾರದು. ಮೂವತ್ತೈದು ವರ್ಷ ಮಕ್ಕಳಿಗೆ ಪಾಠ ಹೇಳಿದ ನನಗೆ ಈ ಅಲ್ಪಪ್ರಾಣಿಯು ಒಂದು ಪಾಠವನ್ನು ಹೇಳಿಕೊಟ್ಟಿತು.

ಹೋದ ವರ್ಷ ಆಸ್ಟ್ರೇಲಿಯ ದೇಶದ ಮೆಲ್ಬರ್ನ್ ನಗರದಲ್ಲಿ ಮಗಳ ಮನೆಯಲ್ಲಿ ಆರು ತಿಂಗಳು ಇದ್ದೆನು. ಮಗಳು ಸರಕಾರದ ಅನುಮತಿಪತ್ರವನ್ನು ಪಡೆದು, ಹತ್ತು ವಯಸ್ಸಿನ ಮೊಮ್ಮಗನಿಗೋಸ್ಕರ ಗಡ್ಡದ ಓತಿಯ ಮರಿಯೊಂದನ್ನು ತಂದಿದ್ದಳು. ನಮ್ಮ ಬೇಲಿಗಳ ಮೇಲೆ ಕುಳಿತು ತಲೆಯಾಡಿಸುವ ಓತಿಕೇತವೂ ಇದೂ ಒಂದೇ ಕುಟುಂಬಕ್ಕೆ ಸೇರಿದವು. ಕೋಪ ಬಂದಾಗ ಕೊರಳಿನ ಮುಳ್ಳುಚರ್ಮವನ್ನು ಉಬ್ಬಿಸಿ ಕಪ್ಪಾಗಿಸುವುದರಿಂದ ಇದಕ್ಕೆ ಆ ಹೆಸರು. ಶಾಸ್ತ್ರಜ್ಞರು ೧೯೨೬ರಲ್ಲಿ ವರ್ಣಿಸಿದ ಈ ಜಾತಿಯ ಸ್ವಸ್ಥಾನವು ಪೂರ್ವ ಆಸ್ಟ್ರೇಲಿಯದ ಒಳನಾಡಿನ ಒಣಭೂಮಿಯು. ಬೆಳೆದರೆ ಬಾಲವೂ ಸೇರಿ ಒಂದೂವರೆ ಅಡಿಯಾಗುವುದು; ಚೆನ್ನಾಗಿ ನೋಡಿಕೊಂಡರೆ ಹತ್ತು ವರ್ಷ ಬಾಳುವುದು.

ನಮ್ಮಂತೆ ಮೈಯೊಳಗೇ ಕಾವನ್ನು ಹುಟ್ಟಿಸಿಕೊಳ್ಳುವ ಶಕ್ತಿಯು ಇದಕ್ಕಿಲ್ಲ. ಆದುದರಿಂದ ಗಾಜಿನ ಗೂಡಿನ ಒಂದು ಕೊನೆಯಲ್ಲಿ ಸುಮಾರು ೪೦ ಡಿಗ್ರಿ ಸೆಂಟಿಗ್ರೇಡಿನ ಕಾವೂ, ಮತ್ತೊಂದು ಕೊನೆಯಲ್ಲಿ ಸುಮಾರು ೨೫ ಡಿಗ್ರಿಯ ತಂಪೂ ಇರತಕ್ಕದ್ದು. ಪ್ರಾಣಿಯು ಅತ್ತಿತ್ತ ಸರಿದು ತನಗೆ ಬೇಕಾದುದನ್ನು ಆರಿಸಿಕೊಳ್ಳುವುದು. ಆಹಾರವು ಮರಿಗೆ ಹೆಚ್ಚಾಗಿ ಹುಳುಗಳು. ಬೆಳೆದ ಮೇಲೆ ಹೆಚ್ಚಾಗಿ ಸೊಪ್ಪು ತರಕಾರಿಗಳು. ಅದರ ಎರಡು ಕಣ್ಣುಗಳ ನಡುವಣ ಅಂತರಕ್ಕಿಂತ ದೊಡ್ಡ ಹುಳುವನ್ನು ಕೊಡಲಾಗದು. ಮಿಂಚುಹುಳುವೂ ಬೆಣ್ಣೆಹಣ್ಣೂ ಇದಕ್ಕೆ ವಿಷಪ್ರಾಯವು. ಮುಟ್ಟಿದವರು ಸಾಬೂನಿನಿಂದ ಕೈತೊಳೆಯುವುದು ಅವಶ್ಯಕ.

ಇನ್ನು ನನ್ನ ಅಪರಾಧದ ಮಾತು. ಗೂಡಿನಲ್ಲಿ ಎರಡು ದೀಪಗಳಿದ್ದವು: ಒಂದು ಕಾವಿಗೆ, ಮತ್ತೊಂದು ಉದ್ದನೆಯ ಕೊಳವೆದೀಪ. ಕಿಟಕಿಯಿಂದ ಒಳ್ಳೆಯ ಬೆಳಕು ಬರುತ್ತಿರುವಾಗ ಎರಡನೆಯ ದೀಪವು ವ್ಯರ್ಥವೆಂದೆಣಿಸಿ, ಹುಡುಗನು ಶಾಲೆಗೆ ಹೋದೊಡನೆ ಅದನ್ನು ಆರಿಸುತ್ತ ಬಂದೆನು. ಒಂದು ದಿನ ಅವನು ಕಂಡು, "ತಾತ, ಆರಿಸಬೇಡಿ. ಅದು ಬೆಳಕಿಗಲ್ಲ, ಎಲುಬಿಗೆ" ಎಂದನು. "ದೀಪದಿಂದ ಎಲುಬು ಬೆಳೆಯುವುದೇನೋ ಮಗು?" ಎಂದು ನಾನು ನಕ್ಕು, ಮರುದಿನವೂ ಆರಿಸಿದೆನು.

ಎರಡು ತಿಂಗಳು ಕಳೆಯುವಷ್ಟರಲ್ಲಿ ಮರಿಯು ಮಂಕಾಯಿತು. ಚಳಿಗಾಲದಲ್ಲಿ ಈ ಜಾತಿಯು ಉಣಿಸನ್ನು ಬಿಟ್ಟು ನಿದ್ರಿಸುವುದುಂಟಾದುದರಿಂದ ಅದೇ ಇರಬೇಕೆಂದು ಎಲ್ಲರೂ ಸುಮ್ಮನಿದ್ದೆವು. ಕಾಲುಗಳು ನಡುಗತೊಡಗಿದ ಮೇಲೆ ಪಶುವೈದ್ಯರಲ್ಲಿಗೆ ಒಯ್ದೆವು. ಅವರು ಅದರ ದವಡೆಯನ್ನು ಬೆರಳಿನಿಂದ ಮೆಲ್ಲನೆ ಒತ್ತಿ ತೋರಿಸಿದರು; ಅದು ರಬ್ಬರಿನಂತೆ ಬಾಗಿತು. ಬಿಸಿಲಿನಲ್ಲಿ ಕಣ್ಣಿಗೆ ಕಾಣದ ನೇರಳಾತೀತ ಕಿರಣವೊಂದುಂಟು. ಅದು ಚರ್ಮಕ್ಕೆ ತಾಗಿದರೆ ಡಿ ಜೀವಸತ್ವವು ಹುಟ್ಟುವುದು. ಅದಿಲ್ಲದೆ ತಿಂದ ಸುಣ್ಣದ ಅಂಶವು ಮೈಗೆ ಹತ್ತದು. ಕಿಟಕಿಯ ಗಾಜು ಬೆಳಕನ್ನು ಬಿಡುವುದು, ಆ ಕಿರಣವನ್ನು ತಡೆಯುವುದು. ಕೊಳವೆದೀಪವು ಕೊಡುತ್ತಿದ್ದುದು ಅದನ್ನೇ. ಆ ದೀಪದಲ್ಲಿಯೂ ಕಿರಣವು ಕಾಲಕ್ರಮದಲ್ಲಿ ಕುಗ್ಗಿ, ಬೆಳಕು ಮಾತ್ರ ಉಳಿಯುವುದಂತೆ. ಆದಕಾರಣ ತಯಾರಕರು ಹೇಳಿದ ಅವಧಿಗೆ, ಸಾಮಾನ್ಯವಾಗಿ ಆರರಿಂದ ಹನ್ನೆರಡು ತಿಂಗಳಿಗೆ, ಹೊಸದನ್ನು ಹಾಕಬೇಕು.

ಮನೆಗೆ ಬಂದವನೇ ಮೊಮ್ಮಗನನ್ನು ಕರೆದು, ಎಲ್ಲರ ಎದುರಿನಲ್ಲಿ, "ತಪ್ಪು ನನ್ನದು, ನೀನು ಹೇಳಿದ್ದೇ ಸರಿ" ಎಂದೆನು. ಅವನು ಮಾತನಾಡಲಿಲ್ಲ, ಎದ್ದುಹೋಗಿ ದೀಪವನ್ನು ಹಚ್ಚಿದನು. ಔಷಧದಿಂದಲೂ ದೀಪದಿಂದಲೂ ಮರಿಯು ಬದುಕಿಕೊಂಡಿತು. ಆದರೆ ಅದರ ಹಿಂಗಾಲೊಂದು ಸೊಟ್ಟಗಾದುದು ಹಾಗೆಯೇ ಉಳಿಯಿತು. ಅದು ನಡೆದಾಗಲೆಲ್ಲ ನನ್ನ ಮಿತವ್ಯಯದ ಲೆಕ್ಕವು ನನಗೆ ಕಾಣುತ್ತಿತ್ತು.

ಗೃಹಸ್ಥರಲ್ಲಿ ನನ್ನ ಬಿನ್ನಹವಿಷ್ಟೇ. ಯಾವ ಪ್ರಾಣಿಯನ್ನು ಮನೆಗೆ ತಂದರೂ, ನಮಗೆ ಸಾಕಾದುದು ಅದಕ್ಕೂ ಸಾಕೆಂದು ಬಗೆಯದೆ, ಅದು ಹುಟ್ಟಿದ ನೆಲವೆಂಥದು, ಅಲ್ಲಿಯ ಬಿಸಿಲೆಂಥದು ಎಂಬುದನ್ನು ಮೊದಲು ತಿಳಿಯಿರಿ. ತಿಳಿದವನು ಮಗುವಾದರೂ ಕೇಳಿರಿ. ಇದನ್ನೋದಿ ನಮ್ಮ ಬೇಲಿಯ ಓತಿಕೇತವನ್ನು ಹಿಡಿದುತರುವ ಆಸೆಯು ಮಕ್ಕಳಿಗೆ ಹುಟ್ಟಿದರೆ ತಡೆಯಿರಿ. ಅದಕ್ಕೆ ಬೇಕಾದ ಬಿಸಿಲು ಬೇಲಿಯ ಮೇಲೆಯೇ ಇದೆ.