ಗಿಡವೋ ರಾಸಾಯನಿಕವೋ ಎಂಬ ವಾದ ಬೇಡ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಗಳಿಂದ ನಮ್ಮ ಚಿಕಿತ್ಸಾಲಯಕ್ಕೆ ಬರುವ ಭಕ್ತರು ಆಗಾಗ ಕೇಳುವ ಪ್ರಶ್ನೆಯೊಂದಿದೆ: “ಕ್ಯಾನ್ಸರಿಗೆ ಆ ರಾಸಾಯನಿಕವೇಕೆ? ಹಿತ್ತಲಿನ ನಿತ್ಯಪುಷ್ಪ ಸಾಲದೇ?” ಆಯುರ್ವೇದವನ್ನೇ ಕಾಯಕವಾಗಿಸಿಕೊಂಡ ನಾವು ಇದಕ್ಕೆ ನೇರವಾಗಿಯೇ ಉತ್ತರಿಸಬೇಕು: ಸಾಲದು.

ನಿತ್ಯಪುಷ್ಪದಿಂದ ವಿನ್‌ಕ್ರಿಸ್ಟಿನ್ ಎಂಬ ಔಷಧ ದೊರೆತದ್ದು ನಿಜ. 1963ರಿಂದ ಬಳಕೆಯಲ್ಲಿರುವ ಅದು ಮಕ್ಕಳ ರಕ್ತಕ್ಯಾನ್ಸರಿನಲ್ಲಿ ಇಂದಿಗೂ ಆಸರೆ. ಆದರೆ ಎಲೆಯಲ್ಲಿ ಅದರ ಅಂಶ ಅತ್ಯಲ್ಪ. ಅದನ್ನು ಶುದ್ಧೀಕರಿಸಿ, ಮಿಲಿಗ್ರಾಂ ಲೆಕ್ಕದಲ್ಲಿ ಅಳೆದು, ರಕ್ತನಾಳದ ಮೂಲಕವೇ ಕೊಡಬೇಕು. ಪ್ರಮಾಣ ತಪ್ಪಿದರೆ ನರಗಳಿಗೆ ಹಾನಿ. ಎಲೆಯ ರಸ ಕುಡಿದವರಿಗೆ ಔಷಧದ ಫಲ ದಕ್ಕದು, ವಿಷದ ಅಪಾಯವಷ್ಟೇ ಉಳಿಯುತ್ತದೆ.

ನಮಗೆ ಸಮೀಪದ ಕೊಣಾಜೆಯಲ್ಲಿರುವ ಮಂಗಳೂರು ವಿಶ್ವವಿದ್ಯಾನಿಲಯದ ರಸಾಯನಶಾಸ್ತ್ರಜ್ಞ ಪ್ರೊ. ಬಿ. ಶಿವರಾಮ ಹೊಳ್ಳ ಹಾಗೂ ಸಂಗಡಿಗರು ಟ್ರಯಜೋಲ್ ಉಂಗುರವುಳ್ಳ ಸಂಯುಕ್ತಗಳನ್ನು ಸಂಶ್ಲೇಷಿಸಿ, ಅವುಗಳ ಕ್ಯಾನ್ಸರ್‌ನಿರೋಧಕ ಗುಣದ ಅಧ್ಯಯನವನ್ನು 2003ರಲ್ಲಿ ಪ್ರಕಟಿಸಿದರು. ಮೂರು ಸಾರಜನಕ, ಎರಡು ಇಂಗಾಲ ಪರಮಾಣುಗಳ ಇಂಥದೇ ಉಂಗುರ ಸ್ತನ ಕ್ಯಾನ್ಸರಿಗೆ ಕೊಡುವ ಲೆಟ್ರೋಜೋಲ್ ಮಾತ್ರೆಯಲ್ಲಿಯೂ ಇದೆ. ಆದರೆ ಉಂಗುರವಿದ್ದ ಮಾತ್ರಕ್ಕೆ ಸಂಯುಕ್ತವು ಔಷಧವಾಗದು. ಪ್ರಯೋಗಶಾಲೆಯ ಜೀವಕೋಶ, ಪ್ರಾಣಿ, ಬಳಿಕ ಮನುಷ್ಯ ಎಂಬ ಮೆಟ್ಟಿಲುಗಳನ್ನು ಅದು ಏರಬೇಕು. ಬಹುಪಾಲು ಸಂಯುಕ್ತಗಳು ನಡುವೆಯೇ ನಿಂತುಬಿಡುತ್ತವೆ. ನಿಂತದ್ದನ್ನು ನಿಂತಿತೆಂದೇ ಬರೆದಿಡುವುದು ಆ ಕಾಯಕದ ಪ್ರಾಮಾಣಿಕತೆ. ನಮ್ಮ ಮೂಲಿಕೆಗಳನ್ನೂ ಇದೇ ಒರೆಗಲ್ಲಿಗೆ ಹಚ್ಚಬೇಕೆಂಬುದು ನಮ್ಮ ನಿಲುವು. ಹಾಗೆ ಹಚ್ಚಿದರೆ ಆಯುರ್ವೇದದ ಗೌರವ ಕುಂದುವುದಿಲ್ಲ, ಹೆಚ್ಚುತ್ತದೆ.

ಕೆಲವು ವರ್ಷಗಳ ಹಿಂದೆ ಬೆಳ್ತಂಗಡಿ ಕಡೆಯ ತಾಯಿಯೊಬ್ಬರು ಎದೆಯ ಗಂಟಿಗೆಂದು ಎಂಟು ತಿಂಗಳು ಯಾರೋ ಹೇಳಿದ ಕಷಾಯ ಕುಡಿದು ನಮ್ಮಲ್ಲಿಗೆ ಬಂದರು. ಅಂದೇ ಮಂಗಳೂರಿಗೆ ಕಳುಹಿಸಿದೆವು. ಅಷ್ಟರಲ್ಲಿ ರೋಗ ಯಕೃತ್ತಿಗೆ ಹರಡಿತ್ತು. ಆ ಕಷಾಯ ಅವರ ದೇಹವನ್ನು ಕೆಡಿಸಲಿಲ್ಲ. ಅವರ ಕಾಲವನ್ನು ಕಸಿದುಕೊಂಡಿತು.

ಆದ್ದರಿಂದ ಶರಣಬಂಧುಗಳಲ್ಲಿ ನಮ್ಮ ವಿನಂತಿ ಇಷ್ಟೇ. ಎದೆಯಲ್ಲಿ ಗಂಟು, ಮೂರು ವಾರ ಕಳೆದರೂ ಮಾಯದ ಬಾಯಿಹುಣ್ಣು, ಅಕಾಲದ ರಕ್ತಸ್ರಾವ ಕಂಡರೆ ಮೊದಲು ತಜ್ಞರಲ್ಲಿ ಪರೀಕ್ಷೆಯಾಗಲಿ. ಎಲೆ ಅಡಿಕೆ, ಹೊಗೆಸೊಪ್ಪಿನ ಅಭ್ಯಾಸವುಳ್ಳವರಂತೂ ಬಾಯಿಹುಣ್ಣನ್ನು ಉಷ್ಣವೆಂದು ಕಡೆಗಣಿಸಬಾರದು. ಚಿಕಿತ್ಸೆಯ ವೇಳೆ ಹಸಿವು, ನಿದ್ರೆ, ಬಲ ಕಾಪಾಡಲು ಆಯುರ್ವೇದ ನೆರವಾಗಬಲ್ಲದು. ಆದರೆ ಸೇವಿಸುವ ಪ್ರತಿಯೊಂದು ಮೂಲಿಕೆಯೂ ಕ್ಯಾನ್ಸರ್ ತಜ್ಞರಿಗೆ ತಿಳಿದಿರಲಿ. ರೋಗಿಯನ್ನು ಸಕಾಲದಲ್ಲಿ ಸರಿಯಾದ ಬಾಗಿಲಿಗೆ ಕಳುಹಿಸುವುದೂ ವೈದ್ಯನ ಕಾಯಕವೇ.