ವಿಧವೆಯ ಕಾಸಿಗೆ ಲೆಕ್ಕ ಕೊಡಿ

ಕಾಣಿಕೆ ಎತ್ತುವ ಹೊತ್ತಿಗೆ ನಮ್ಮ ಪಾಸ್ಟರ್‌ಗಳಿಗೆ ತಪ್ಪದೆ ನೆನಪಾಗುವವಳು ಮಾರ್ಕನ ಸುವಾರ್ತೆಯ 12ನೇ ಅಧ್ಯಾಯದ ಬಡ ವಿಧವೆ. ಇದ್ದ ಎರಡು ಕಾಸನ್ನೂ ದೇವಾಲಯದ ಪೆಟ್ಟಿಗೆಗೆ ಹಾಕಿದವಳು. ಅವಳಂತೆ ಕೊಡಿ ಎನ್ನುತ್ತಾರೆ. ಅವಳು ಬರುವುದಕ್ಕೆ ತುಸು ಮೊದಲು ಯೇಸುಸ್ವಾಮಿ ಶಾಸ್ತ್ರಿಗಳನ್ನು ಗದರಿಸಿದ್ದನ್ನು ಮಾತ್ರ ಓದುವುದಿಲ್ಲ. ಉದ್ದುದ್ದ ಪ್ರಾರ್ಥನೆ ಮಾಡುತ್ತ ವಿಧವೆಯರ ಮನೆಗಳನ್ನು ನುಂಗುತ್ತಾರೆ ಎಂಬುದೇ ಅವರ ಮೇಲಿದ್ದ ದೂರು. ಮುಂದಿನ ಅಧ್ಯಾಯದ ಮೊದಲಿಗೇ ಆ ದೇವಾಲಯ ನೆಲಸಮವಾಗುವ ಮಾತು ಬರುತ್ತದೆ. ಇವೆರಡರ ನಡುವೆ ನಿಂತ ಹೆಂಗಸನ್ನು ವಸೂಲಿಗೆ ಬಳಸುವುದು ಸುವಾರ್ತೆಗೆ ಬಗೆಯುವ ದ್ರೋಹ.

ಬೆಳಗಿನ ಜಾವದ ಯಾವುದಾದರೂ ಪ್ರಾರ್ಥನೆಯ ನೇರಪ್ರಸಾರ ನೋಡಿ. ಪರದೆಯ ಮೂಲೆಯಲ್ಲಿ ಕ್ಯೂಆರ್ ಕೋಡ್, ಕೆಳಗೆ ಗೂಗಲ್ ಪೇ ನಂಬರ್. ಬೀಜದ ಕಾಣಿಕೆ ಬಿತ್ತಿದರೆ ಸಾಲ ತೀರುತ್ತದೆ, ವೀಸಾ ಬರುತ್ತದೆ, ಗರ್ಭ ನಿಲ್ಲುತ್ತದೆ. ಕಾಯಿಲೆ ವಾಸಿಯಾಗಲಿಲ್ಲವೇ? ನಿಮ್ಮ ವಿಶ್ವಾಸ ಸಾಲದು. ನಾಲ್ಕು ಮನೆಯಲ್ಲಿ ಪಾತ್ರೆ ತಿಕ್ಕುವ ತಾಯಿ ದಶಮಾಂಶದ ಲಕೋಟೆಯ ಮೇಲೆ ಹೆಸರು, ತಿಂಗಳು, ಮೊತ್ತ ಎಲ್ಲವನ್ನೂ ಬರೆದು ಕೊಡಬೇಕು. ಆ ದುಡ್ಡು ಎಲ್ಲಿ ಹೋಯಿತೆಂದು ಅವಳಿಗೆ ತೋರಿಸುವ ಒಂದು ಚೀಟಿಯೂ ಇಲ್ಲ.

ದಶಮಾಂಶಕ್ಕೆ ಮಲಾಕಿಯ 3ನೇ ಅಧ್ಯಾಯವನ್ನು ಓದುವವರು ಧರ್ಮೋಪದೇಶಕಾಂಡದ 14ನೇ ಅಧ್ಯಾಯವನ್ನೂ ಓದಲಿ. ಮೂರು ವರ್ಷಕ್ಕೊಮ್ಮೆ ಆ ಪಾಲು ಲೇವಿಯರ ಜೊತೆಗೆ ಪರದೇಶಿ, ಅನಾಥ, ವಿಧವೆಯರ ಹೊಟ್ಟೆ ತುಂಬಿಸಬೇಕಿತ್ತು. ವಿಧವೆಗೆ ಸಲ್ಲಬೇಕಾದದ್ದನ್ನು ಅವಳಿಂದಲೇ ಕಿತ್ತುಕೊಳ್ಳುತ್ತಿದ್ದೇವೆ. 2015ರಲ್ಲಿ ಆರೂವರೆ ಕೋಟಿ ಡಾಲರ್ ಬೆಲೆಯ ಜೆಟ್ ವಿಮಾನಕ್ಕಾಗಿ ಭಕ್ತರ ಮುಂದೆ ಕೈಚಾಚಿದ್ದ ಅಮೆರಿಕದ ಬೋಧಕ ಕ್ರೆಫ್ಲೋ ಡಾಲರ್, ದಶಮಾಂಶದ ಬಗ್ಗೆ ತಾನು ಕಲಿಸಿದ್ದು ಸರಿಯಲ್ಲ, ಆ ಪುಸ್ತಕಗಳನ್ನು ಎಸೆಯಿರಿ ಎಂದು 2022ರಲ್ಲಿ ವೇದಿಕೆಯ ಮೇಲೇ ಹೇಳಿದರು. ಅಲ್ಲಿಂದ ಸರಕು ತಂದ ನಮ್ಮವರು ಈ ಮಾತನ್ನು ಮಾತ್ರ ತರಲಿಲ್ಲ.

ಹಳೆಯ ಸಭೆಗಳವರು ಇದನ್ನು ಕಂಡು ಮೂಗು ಮುರಿಯುವಂತಿಲ್ಲ. ಮಿಷನರಿಗಳ ಕಾಲದ ಜಮೀನು, ಶಾಲೆ, ಆಸ್ಪತ್ರೆಗಳ ಮೇಲಿನ ಹಿಡಿತಕ್ಕಾಗಿ ಬಿಷಪ್ ಚುನಾವಣೆಗಳು ಗ್ರಾಮ ಪಂಚಾಯಿತಿಯ ಪೈಪೋಟಿಯನ್ನೂ ಮೀರಿಸಿವೆ. 1947ರಲ್ಲಿ ಅಷ್ಟು ಆಸೆಯಿಂದ ಒಂದಾದ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯ ಚುನಾವಣಾ ಜಗಳ ಕೋರ್ಟಿಗೆ ಹೋಗಿ, 2024ರಲ್ಲಿ ಮದ್ರಾಸ್ ಹೈಕೋರ್ಟ್ ಆಡಳಿತಕ್ಕೆ ಇಬ್ಬರು ನಿವೃತ್ತ ನ್ಯಾಯಮೂರ್ತಿಗಳನ್ನು ನೇಮಿಸಬೇಕಾಯಿತು. ಬೋಧಕರ ಮನೆ ಸರಿಪಡಿಸಲು ನ್ಯಾಯಾಧೀಶರು ಬರಬೇಕಾದದ್ದು ನಾಚಿಕೆಗೇಡು.

ಇದನ್ನೆಲ್ಲ ಈಗ ಎತ್ತಬೇಡಿ ಎನ್ನುವ ಹಿರಿಯರಿದ್ದಾರೆ. 2008ರಲ್ಲಿ ಕರಾವಳಿಯ ಚರ್ಚುಗಳ ಮೇಲೆ ನಡೆದ ದಾಳಿಯನ್ನು ಕಂಡವರು ಅವರು, ಆ ಭಯ ಸುಳ್ಳಲ್ಲ. ಆದರೆ ದಾಳಿ ಮಾಡುವವನಿಗೆ ನೆಪ ಬೇಕಿಲ್ಲ, ನಾವು ಬಾಯಿ ಮುಚ್ಚಿಕೊಂಡರೂ ಬರುತ್ತಾನೆ. ನಮ್ಮ ಮೌನದಿಂದ ಉಳಿದುಕೊಳ್ಳುವವರು ದುಡ್ಡು ತಿನ್ನುವವರು ಮಾತ್ರ.

ಜೆರುಸಲೇಮಿನ ಬಡವರಿಗೆಂದು ಕೂಡಿಸಿದ ಹಣವನ್ನು ಪೌಲನಂಥ ಪೌಲನೇ ಒಬ್ಬನೇ ಒಯ್ಯಲಿಲ್ಲ. ಯಾರೂ ಬೆರಳು ತೋರಿಸದಿರಲಿ ಎಂದು ಸಭೆಗಳೇ ಆರಿಸಿದವರನ್ನು ಜೊತೆಗಿಟ್ಟುಕೊಂಡ. ಕೊರಿಂಥದವರಿಗೆ ಬರೆದ ಎರಡನೇ ಪತ್ರದಲ್ಲಿ ಅದಿದೆ. ಇಂದಿನ ಪಾಸ್ಟರ್ ಅವನಿಗಿಂತ ದೊಡ್ಡವನಲ್ಲ. ವರ್ಷಕ್ಕೊಮ್ಮೆ ಆಡಿಟ್ ಆದ ಲೆಕ್ಕ, ಪಾಸ್ಟರ್ ಸಂಬಳವೂ ಸೇರಿ, ಚರ್ಚಿನ ಬಾಗಿಲಿಗೆ ಅಂಟಿಸಬೇಕು. ಸಭೆಯ ಮತವಿಲ್ಲದೆ ಒಂದು ಗುಂಟೆಯೂ ಮಾರಾಟವಾಗಬಾರದು. ಹಣಕಾಸು ಸಮಿತಿಯಲ್ಲಿ ಕಾಣಿಕೆ ಕೊಡುವ ಹೆಂಗಸರು ಕೂರಬೇಕು. ಸ್ವಸ್ಥತೆಯ ಹೆಸರಲ್ಲಿ ಒಂದು ರೂಪಾಯಿ ಕೇಳಿದರೂ ಅಂಥವರನ್ನು ವೇದಿಕೆಯಿಂದ ಇಳಿಸಬೇಕು.

ವಿಶ್ವಾಸಿಗಳೇ, ಬರುವ ಭಾನುವಾರ ಲಕೋಟೆಯ ಜೊತೆಗೆ ಒಂದು ಅರ್ಜಿಯನ್ನೂ ಕೊಡಿ: ಕಳೆದ ವರ್ಷದ ಲೆಕ್ಕ ಬೇಕು ಎಂದು. ಲೆಕ್ಕ ಬರುವವರೆಗೆ ನಿಮ್ಮ ದಶಮಾಂಶವನ್ನು ನಿಮ್ಮ ಬೀದಿಯ ವಿಧವೆಯ ಕೈಗೇ ಕೊಡಿ.