ಡಿಸ್ಕ್ ‘ಪಾಸ್’ ಅಂದ್ರೆ ಸಾಕಾ?

ಕಳೆದ ಸೆಮ್‌ನಲ್ಲಿ ನಮ್ಮ ಹಾಸ್ಟೆಲ್ ಗೆಳೆಯನೊಬ್ಬನ ಹಳೇ ಲ್ಯಾಪ್‌ಟಾಪ್ ತುಂಬಾ ನಿಧಾನವಾಯ್ತು. ಒಂದು ಫೈಲ್ ತೆರೆಯೋಕೆ ಅರ್ಧ ನಿಮಿಷ. ನಾವೆಲ್ಲ ಸೇರಿ ಕೊಟ್ಟ ಸಲಹೆ ಒಂದೇ: “ವೈರಸ್ ಇರ್ಬೇಕು ಮಗಾ, ಸಿ ಡ್ರೈವ್ ಫಾರ್ಮ್ಯಾಟ್ ಹೊಡಿ. ಪ್ರಾಜೆಕ್ಟ್ ಹೇಗೂ ಡಿ ಡ್ರೈವ್‌ನಲ್ಲಿದೆ, ಸೇಫ್.” ಅವನು ಹೊಡೆದ. ಎರಡು ವಾರ ಚೆನ್ನಾಗಿತ್ತು. ವೈವಾಗೆ ನಾಲ್ಕು ದಿನ ಇರುವಾಗ ಹಾರ್ಡ್ ಡಿಸ್ಕ್ ಟಕ್ ಟಕ್ ಅಂತ ಸದ್ದು ಮಾಡಿ ನಿಂತೇ ಹೋಯ್ತು. ಸಿ, ಡಿ ಎರಡೂ ಒಂದೇ ಡಿಸ್ಕ್‌ನ ಭಾಗಗಳು. ಕೋಡು, ರಿಪೋರ್ಟು, ಲ್ಯಾಬ್ ರೀಡಿಂಗ್ಸು ಎಲ್ಲ ಒಟ್ಟಿಗೇ ಹೋದವು.

ತಪ್ಪು ಅವನದ್ದಲ್ಲ, ಸಲಹೆ ಕೊಟ್ಟ ನಮ್ಮದು ಅಂತ ಈಗ ಅನಿಸುತ್ತಿದೆ. ಯಾಕಂದ್ರೆ ಆ ನಿಧಾನವೇ ಒಂದು ಸೂಚನೆಯಾಗಿತ್ತು. ಒಂದು ಸೆಕ್ಟರ್ ಸರಿಯಾಗಿ ಓದಲಾಗದಿದ್ದರೆ ಡಿಸ್ಕ್ ಮತ್ತೆ ಮತ್ತೆ ಪ್ರಯತ್ನಿಸುತ್ತದೆ; ನಮಗೆ ಲ್ಯಾಪ್‌ಟಾಪ್ ಹ್ಯಾಂಗ್ ಆದಂತೆ ಕಾಣುತ್ತದೆ. ಫಾರ್ಮ್ಯಾಟ್ ಮಾಡಿದರೆ ರೋಗ ವಾಸಿಯಾಗಲ್ಲ, ಸ್ವಲ್ಪ ದಿನ ಮುಚ್ಚಿಹೋಗುತ್ತೆ ಅಷ್ಟೆ.

ಈ ತೊಂದರೆಗಳ ಲೆಕ್ಕವನ್ನು ಡಿಸ್ಕ್ ತಾನೇ ಬರೆದಿಟ್ಟುಕೊಳ್ಳುತ್ತದೆ. ಆ ವ್ಯವಸ್ಥೆಯ ಹೆಸರು ‘ಸ್ಮಾರ್ಟ್’. ವಿಂಡೋಸ್‌ನಲ್ಲಿ ಕ್ರಿಸ್ಟಲ್‌ಡಿಸ್ಕ್‌ಇನ್ಫೋ, ಲಿನಕ್ಸ್‌ನಲ್ಲಿ ಸ್ಮಾರ್ಟ್‌ಮಾನ್‌ಟೂಲ್ಸ್ ಹಾಕಿದರೆ ನೋಡಬಹುದು, ಎರಡೂ ಉಚಿತ. ಹಾರ್ಡ್ ಡಿಸ್ಕ್ ಆದರೆ ಮೂರು ಸಾಲು ನೋಡಿ. 5: ಹಾಳಾಗಿ ಬದಲಿ ಕೊಟ್ಟ ಸೆಕ್ಟರ್‌ಗಳು. 197: ಓದಲು ಕಷ್ಟವಾಗಿ ತೀರ್ಮಾನಕ್ಕೆ ಕಾಯುತ್ತಿರುವವು. 198: ಸರಿಪಡಿಸಲಾಗದವು. ಮೂರೂ ಸೊನ್ನೆ ಇರಬೇಕು. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಇವನ್ನು ಹೆಕ್ಸಾಡೆಸಿಮಲ್‌ನಲ್ಲಿ 05, ಸಿ5, ಸಿ6 ಎಂದು ತೋರಿಸುತ್ತದೆ. ಎಣಿಕೆಯೂ ಅದರಲ್ಲೇ ಇರಬಹುದು, ಅಲ್ಲಿ 10 ಅಂದ್ರೆ 16! ಎಸ್‌ಎಸ್‌ಡಿ ಸದ್ದು ಮಾಡಲ್ಲ. ಅದರಲ್ಲಿ ಎಷ್ಟು ಶೇಕಡಾ ಸವೆದಿದೆ, ಮೀಸಲು ಜಾಗ ಎಷ್ಟು ಉಳಿದಿದೆ ಅಂತ ನೋಡಬೇಕು.

ಮೇಲೆ ‘ಪಾಸ್’ ಅಂತ ಬಂದ ಕೂಡಲೇ ಮುಚ್ಚಿಬಿಡಬೇಡಿ. ತಯಾರಕರು ಇಟ್ಟ ಮಿತಿ ದಾಟಿಲ್ಲ ಅಂತಷ್ಟೇ ಅದರ ಅರ್ಥ. ಜಸ್ಟ್ ಪಾಸೂ ಪಾಸೇ, ಡಿಸ್ಟಿಂಕ್ಷನ್ನೂ ಪಾಸೇ ಅಂತ ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?

2007ರಲ್ಲಿ ಗೂಗಲ್‌ನವರು ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕ್‌ಗಳ ಅಧ್ಯಯನ ಪ್ರಕಟಿಸಿದರು. ಮೊದಲ ಸ್ಕ್ಯಾನ್ ಎರರ್ ಕಂಡ ಡಿಸ್ಕ್ ಮುಂದಿನ 60 ದಿನಗಳಲ್ಲಿ ಕೆಡುವ ಸಾಧ್ಯತೆ, ಅಂಥ ಎರರ್ ಇಲ್ಲದ ಡಿಸ್ಕ್‌ಗಿಂತ 39 ಪಟ್ಟು ಹೆಚ್ಚು. ಆದರೆ ಕೆಟ್ಟ ಡಿಸ್ಕ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಮುಖ್ಯವಾದ ನಾಲ್ಕು ಸೂಚನೆಗಳಲ್ಲಿ ಒಂದನ್ನೂ ಕೊಟ್ಟಿರಲಿಲ್ಲ. ಅಂದ್ರೆ, ಡಿಸ್ಕ್ ಎಚ್ಚರಿಸಿದರೆ ನಂಬಬೇಕು; ಸುಮ್ಮನಿದ್ದರೆ ನಂಬಬಾರದು.

ಹಾಗಾಗಿ ನಮ್ಮ ಅಭಿಪ್ರಾಯ ಇಷ್ಟೇ. ತಿಂಗಳಿಗೊಮ್ಮೆ ಐದು ನಿಮಿಷ ಕೊಟ್ಟು ಡಿಸ್ಕ್ ನೋಡಿ. ಸೊನ್ನೆ ಇದ್ದದ್ದು ಏರತೊಡಗಿದರೆ ಫಾರ್ಮ್ಯಾಟ್, ರಿಪೇರಿ ಅಂತ ಹೋಗದೆ ಮೊದಲು ಫೈಲ್‌ಗಳನ್ನು ಹೊರಗೆ ತೆಗೀರಿ. ಏರದಿದ್ದರೂ ಇನ್ನೊಂದು ಪ್ರತಿ ಬೇರೆ ಡಿಸ್ಕ್‌ನಲ್ಲಿರಲಿ. ಪ್ರಾಜೆಕ್ಟ್ ರಿವ್ಯೂನಲ್ಲಿ ಗೈಡ್‌ಗಳೂ “ಬ್ಯಾಕಪ್ ಎಲ್ಲಪ್ಪಾ?” ಅಂತ ಒಂದು ಪ್ರಶ್ನೆ ಕೇಳಲಿ.

ನಮ್ಮ ಗೆಳೆಯ ವೈವಾ ಕೊಟ್ಟ, ಗೈಡ್‌ಗೆ ಎರಡು ತಿಂಗಳ ಹಿಂದೆ ಮೇಲ್ ಮಾಡಿದ್ದ ಅರ್ಧ ಪಿಡಿಎಫ್ ಹಿಡ್ಕೊಂಡು. ಅವನಿಗೆ ಗೊತ್ತಿಲ್ಲದೇ ಉಳಿದಿದ್ದ ಬ್ಯಾಕಪ್ ಅದೊಂದೇ.